ಜೋಡಿಯಾಗಿ ಮೊದಲ ಸಲ ಹಡಗು ಹತ್ತುವವರಿಗೆ



ಇವತ್ತಿನ ನನ್ನ ಮಾತಿನ ವಿಷಯ ಕೇಳಿ ಕೆಲವರಿಗೆ ನಗು ಬರಬಹುದು. ಉಮರಗಾ, ನಿಲಂಗಾ, ಉದಗೀರ ತಾಲೂಕಿನವರಿಗೂ ಸಮುದ್ರಕ್ಕೂ ಏನು ಸಂಬಂಧ? ನಮ್ಮ ಮಟ್ಟಿಗೆ ದೊಡ್ಡ ನೀರು ಎಂದರೆ ಮಾಂಜರಾ ನದಿ, ಅದೂ ಮಳೆಗಾಲದಲ್ಲಿ. 2016ರ ಬೇಸಿಗೆಯಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ತರಿಸಿದ್ದನ್ನು ನಾವು ಯಾರೂ ಮರೆತಿಲ್ಲ. ನೀರನ್ನು ಕೊಡದಲ್ಲಿ ಎಣಿಸಿ ಬದುಕಿದ ಜನ ನಾವು. ಅಂಥ ನಮ್ಮ ಊರುಗಳಲ್ಲಿ ಈಗ ನಾಲ್ಕೈದು ವರ್ಷಗಳಿಂದ ಹೊಸ ಮಾತೊಂದು ಕೇಳಿಬರುತ್ತಿದೆ. ಅದು ಕ್ರೂಜ್, ಅಂದರೆ ವಿಹಾರದ ಹಡಗು.

ಪುಣೆಯಲ್ಲಿ, ಹೈದರಾಬಾದಿನಲ್ಲಿ ನೌಕರಿಯಲ್ಲಿರುವ ಮಕ್ಕಳು ತಾಯಿತಂದೆಯ ಮದುವೆಗೆ ನಲವತ್ತು ವರ್ಷವಾಯಿತೆಂದು ಹಡಗಿನ ಟಿಕೆಟ್ ತೆಗೆಸುವ ಮಾತಾಡುತ್ತಾರೆ. ಹೊಸದಾಗಿ ಮದುವೆಯಾದ ಹುಡುಗ-ಹುಡುಗಿಯರು ಮೊಬೈಲಿನಲ್ಲಿ ಹಡಗಿನ ಚಿತ್ರ ತೋರಿಸಿ "ಕಾಕಾ, ಇದರಾಗ ಯಾವುದು ಚಲೋ?" ಎಂದು ಕೇಳುತ್ತಾರೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಫಾರ್ಮು ತುಂಬುವುದು, ಲೆಕ್ಕ ಹಾಕುವುದು ಗೊತ್ತಿರುತ್ತದೆ ಎಂಬ ನಂಬಿಕೆ ಇನ್ನೂ ಹಳ್ಳಿಯಲ್ಲಿ ಉಳಿದಿದೆ. ನಾನೂ ನನ್ನ ಮನೆಯವರೂ ಒಮ್ಮೆ ಹೋಗಿ ಬಂದವರು. ಆದ್ದರಿಂದ ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳುವುದಕ್ಕಿಂತ ಎಲ್ಲರಿಗೂ ಒಟ್ಟಿಗೆ ಹೇಳುವುದು ಒಳ್ಳೆಯದೆಂದು ಈ ಮಾತು.

ಹಡಗು ನಮಗೆ ತೀರ ಹೊಸದೇನೂ ಅಲ್ಲ. ಮುಂಬಯಿಯ ಭಾವುಚಾ ಧಕ್ಕಾದಿಂದ ರತ್ನಾಗಿರಿ, ಮಾಲವಣ, ಪಣಜಿಯವರೆಗೆ ಕೊಂಕಣದ ಆಗಬೋಟುಗಳು ಓಡುತ್ತಿದ್ದ ಕಾಲವಿತ್ತು. ನಮ್ಮ ಕಡೆಯ ಮುಸಲ್ಮಾನ ಹಿರಿಯರ ಪೀಳಿಗೆಗೆ ಹಜ್ ಯಾತ್ರೆ ಎಂದರೆ ಮುಂಬಯಿಯಿಂದ ಜೆಡ್ಡಾಕ್ಕೆ ಹಡಗಿನ ಪ್ರಯಾಣವೇ ಆಗಿತ್ತು. ಆ ಹಡಗು 1995ರಲ್ಲಿ ನಿಂತಿತು. ಆ ಹಡಗುಗಳಲ್ಲಿ ಜನ ಒಂದು ಊರು ಮುಟ್ಟಲು ಕುಳಿತರು, ಗಂಟುಮೂಟೆಯ ಪಕ್ಕದಲ್ಲಿ ಮಲಗಿದರು. ಈಗಿನ ವಿಹಾರದ ಹಡಗಿನಲ್ಲಿ ಕುಳಿತುಕೊಳ್ಳುವುದೇ ಉದ್ದೇಶ. ಊರು ಮುಟ್ಟುವುದು ನೆಪ ಮಾತ್ರ.

2018ರಲ್ಲಿ ಮುಂಬಯಿ-ಗೋವೆ ನಡುವೆ "ಆಂಗ್ರಿಯಾ" ಎಂಬ ಹಡಗು ಬಂದಿತು. ಮರಾಠಾ ನೌಕಾಪಡೆಯ ಕಾನ್ಹೋಜಿ ಆಂಗ್ರೆಯವರ ಹೆಸರನ್ನು ನೆನಪಿಸುವ ಆ ಹಡಗು ಈಗ ಓಡುತ್ತಿಲ್ಲ. 2021ರ ಸೆಪ್ಟೆಂಬರದಲ್ಲಿ ಕಾರ್ಡೀಲಿಯಾ ಸಂಸ್ಥೆಯ "ಎಂಪ್ರೆಸ್" ಎಂಬ ಹಡಗು ಮುಂಬಯಿಯಿಂದ ಗೋವೆ, ಲಕ್ಷದ್ವೀಪಗಳ ಕಡೆಗೆ ಯಾನ ಸುರು ಮಾಡಿತು. 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ ಈ ಹಡಗಿಗೆ ಹನ್ನೊಂದು ಅಂತಸ್ತು, ಸುಮಾರು ಎಂಟುನೂರು ಕೋಣೆಗಳು. ನಮ್ಮ ಒಂದು ಸಣ್ಣ ಹಳ್ಳಿಯೇ ಎದ್ದು ನೀರಿನ ಮೇಲೆ ಹೊರಟಂತೆ ಎನ್ನಬಹುದು. 2025ರ ಸೆಪ್ಟೆಂಬರದಲ್ಲಿ ಮುಂಬಯಿಯ ಬ್ಯಾಲಾರ್ಡ್ ಪಿಯರ್‌ನಲ್ಲಿ ಇಂಥ ಹಡಗುಗಳಿಗಾಗಿಯೇ ಹೊಸ ನಿಲ್ದಾಣದ ಉದ್ಘಾಟನೆಯೂ ಆಯಿತು. ಈ ಹೆಸರುಗಳನ್ನು ಉದಾಹರಣೆಗೆಂದು ಹೇಳಿದೆ, ಜಾಹೀರಾತಿಗೆಂದಲ್ಲ. ಯಾವ ಹಡಗು ಯಾವ ತಿಂಗಳು ಎಲ್ಲಿಂದ ಹೊರಡುತ್ತದೆ ಎಂಬುದು ವರ್ಷ ವರ್ಷ ಬದಲಾಗುತ್ತದೆ. ಮಳೆಗಾಲ ಬಂತೆಂದರೆ ಈ ಹಡಗುಗಳು ಅರಬ್ಬೀ ಸಮುದ್ರ ಬಿಟ್ಟು ಚೆನ್ನೈ ಕಡೆಗೂ ಹೋಗುವುದುಂಟು. ಆದ್ದರಿಂದ ವೇಳಾಪಟ್ಟಿಯನ್ನು ಆಗಿಂದಾಗ ವಿಚಾರಿಸಿಕೊಳ್ಳಬೇಕು.

ಇನ್ನು ಆರಿಸುವ ವಿಚಾರ. ಮೊದಲನೆಯದು ಎಷ್ಟು ದಿನ ಎಂಬುದು.

ಮೊದಲ ಸಲಕ್ಕೆ ಎರಡು ರಾತ್ರಿ ಸಾಕು, ಹೆಚ್ಚೆಂದರೆ ಮೂರು. "ಹ್ಯಾಂಗೂ ಹೊಂಟೀವಿ, ಐದು ದಿನದ್ದು ಮಾಡೋಣ" ಎಂದು ಮನಸ್ಸು ಎಳೆಯುತ್ತದೆ. ಎಳೆಯಲಿ, ಒಪ್ಪಬೇಡಿ. ಸಮುದ್ರ ನಿಮ್ಮ ಮೈಗೆ ಒಗ್ಗುತ್ತದೋ ಇಲ್ಲವೋ ಎಂಬುದು ಹತ್ತಿದ ಮೇಲೆಯೇ ತಿಳಿಯುವುದು. ಬಸ್ಸಿನಲ್ಲಿ ವಾಂತಿ ಬಂದರೆ ಮುಂದಿನ ಫಾಟಾದಲ್ಲಿ ಇಳಿಯಬಹುದು. ನಡುಸಮುದ್ರದಲ್ಲಿ ಫಾಟಾ ಇಲ್ಲ. 2023ರ ಜನವರಿಯಲ್ಲಿ ಕಾಶಿಯಿಂದ ದಿಬ್ರುಗಡಕ್ಕೆ 51 ದಿನದ "ಗಂಗಾ ವಿಲಾಸ" ನೌಕೆ ಹೊರಟದ್ದನ್ನು ಟೀವಿಯಲ್ಲಿ ನೋಡಿದ್ದೀರಿ. ಅದನ್ನು ನೋಡಿ ಸಂತೋಷಪಡೋಣ. ನಮ್ಮ ಮೊದಲ ಹೆಜ್ಜೆ ಅದಲ್ಲ.

ಎರಡನೆಯದು ಎಲ್ಲಿಗೆ ಎಂಬುದು.

ಮುಂಬಯಿಯಿಂದ ಗೋವೆಯ ಮಾರ್ಮಗೋವಾ ಬಂದರಕ್ಕೆ ಸಮುದ್ರದ ಮೇಲೆ ಸುಮಾರು 400 ಕಿಲೋಮೀಟರು. ಹಡಗಿನ ವೇಗ ಗಂಟೆಗೆ ಸುಮಾರು ಮೂವತ್ತು ಕಿಲೋಮೀಟರು, ಅಂದರೆ ನಮ್ಮ ಎಸ್.ಟಿ.ಗಿಂತ ನಿಧಾನ. ಹದಿಮೂರು-ಹದಿನಾಲ್ಕು ಗಂಟೆ ಹಿಡಿಯುತ್ತದೆ. ಸಂಜೆ ಹೊರಟರೆ ಮರುದಿನ ಬೆಳಗ್ಗೆ ಗೋವೆ. ಅಲ್ಲಿ ಹಡಗು ಧಕ್ಕೆಗೆ ಬಂದು ತಾಗಿ ನಿಲ್ಲುತ್ತದೆ, ನೀವು ಮೆಟ್ಟಿಲಿಳಿದು ನೆಲದ ಮೇಲೆ ಕಾಲಿಡುತ್ತೀರಿ. ಲಕ್ಷದ್ವೀಪದ ನೀರು ಬಹಳ ಚೆಂದ, ನಿಜ. ಆದರೆ ಅಲ್ಲಿ ದೊಡ್ಡ ಹಡಗು ದೂರದಲ್ಲೇ ಲಂಗರು ಹಾಕುತ್ತದೆ. ಅಲ್ಲಿಂದ ಸಣ್ಣ ದೋಣಿಗೆ ಇಳಿದು ದ್ವೀಪ ಸೇರಬೇಕು. ಅಲೆ ಜೋರಿದ್ದರೆ ಇಳಿಯುವುದೇ ರದ್ದಾಗಬಹುದು. ಅಲ್ಲಿಗೆ ಹೋಗಲು ಪ್ರವೇಶ ಪರವಾನಗಿಯೂ ಬೇಕು. ಮೊಣಕಾಲು ನೋವಿನವರು ಹೊಯ್ದಾಡುವ ದೋಣಿಗೆ ಹೆಜ್ಜೆ ಹಾಕುವ ಚಿತ್ರವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಂಡು ನಿರ್ಧರಿಸಿ. ಶ್ರೀಲಂಕೆಯ ಯಾನವಾದರೆ ಪಾಸ್‌ಪೋರ್ಟ್ ಬೇಕೇ ಬೇಕು. ಹೀಗಾಗಿ ಮೊದಲ ಸಲಕ್ಕೆ ಗೋವೆಯೇ ಸರಳ. ಯಾವ ಊರಿಗೂ ಹೋಗದೆ ಸಮುದ್ರದಲ್ಲೇ ಸುತ್ತಾಡಿ ಮರಳುವ ಯಾನಗಳೂ ಇರುತ್ತವೆ. ಹಡಗಿನಿಂದ ಇಳಿದು ತಿರುಗುವ ಶಕ್ತಿ ಇಲ್ಲದವರಿಗೆ ಅವು ಒಳ್ಳೆಯವು.

ಮೂರನೆಯದು ಯಾವ ತಿಂಗಳು ಎಂಬುದು.

ಕೊಂಕಣದ ಕೋಳಿಗಳು, ಅಂದರೆ ಮೀನುಗಾರರು, ನಾರಳೀ ಪೌರ್ಣಿಮೆಯ ದಿನ ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ ಆಮೇಲೆ ದೋಣಿ ಇಳಿಸುತ್ತಾರೆ. ಅದು ನಮ್ಮ ನೂಲ ಹುಣ್ಣಿಮೆಯ ದಿನವೇ. ಅಲ್ಲಿಯವರೆಗೆ ಸಮುದ್ರಕ್ಕೆ ಸಿಟ್ಟು ಎಂಬ ಹಳೆಯ ತಿಳಿವಳಿಕೆಯಲ್ಲಿ ಅರ್ಥವಿದೆ. 1947ರ ಜುಲೈ 17ರಂದು ಮುಂಬಯಿಯಿಂದ ರೇವಸಕ್ಕೆ ಹೊರಟಿದ್ದ "ರಾಮದಾಸ" ಆಗಬೋಟು ಮಳೆಗಾಲದ ಅಲೆಗೆ ಸಿಕ್ಕು ಮುಳುಗಿ ಆರುನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಈಗಿನ ಹಡಗುಗಳು ಹತ್ತಾರು ಪಟ್ಟು ದೊಡ್ಡವು, ಹವೆಯ ಮುನ್ಸೂಚನೆಯೂ ಇದೆ. ಆದರೂ ಮೊದಲ ಯಾನಕ್ಕೆ ಜೂನದಿಂದ ಸೆಪ್ಟೆಂಬರವರೆಗಿನ ಕಾಲ ಬೇಡ. ನವೆಂಬರದಿಂದ ಫೆಬ್ರುವರಿಯವರೆಗೆ ಅರಬ್ಬೀ ಸಮುದ್ರ ಶಾಂತವಾಗಿರುತ್ತದೆ.

ಇದು ನಮ್ಮ ಒಕ್ಕಲುತನಕ್ಕೂ ಹೊಂದುತ್ತದೆ. ಸೋಯಾಬೀನು ಕೈಗೆ ಬಂದು, ದೀಪಾವಳಿ ಮುಗಿದ ಮೇಲೆ ಸ್ವಲ್ಪ ಬಿಡುವು. ಇಲ್ಲವಾದರೆ ಎಳ್ಳಮಾಸಿ ಮುಗಿಸಿಕೊಂಡು, ಜೋಳದ ಸುಗ್ಗಿ ಸುರುವಾಗುವ ಮುಂಚೆ. ನಮ್ಮ ಮರಾಠಿ ನೆರೆಯವರು ವೇಳಾ ಅಮಾವಾಸ್ಯಾ ಎನ್ನುವುದೂ ಇದೇ ಹಬ್ಬವನ್ನು. ಎಳ್ಳಮಾಸಿಯ ದಿನ ಮಾತ್ರ ಹೊಲ ಬಿಟ್ಟು ಹಡಗಿಗೆ ಹೋಗಬೇಡಿ. ಆ ದಿನದ ಭಜ್ಜಿ, ಅಂಬಲಿ ಯಾವ ಹಡಗಿನಲ್ಲೂ ಸಿಗುವುದಿಲ್ಲ. ಡಿಸೆಂಬರದ ಕೊನೆಯ ವಾರ, ಶನಿವಾರ-ರವಿವಾರ, ಶಾಲೆಯ ರಜೆ ಇವು ತುಟ್ಟಿ ದಿನಗಳು. ನಿವೃತ್ತರಿಗೆ, ಒಕ್ಕಲಿಗರಿಗೆ ಸೋಮವಾರವೂ ಒಂದೇ, ಶನಿವಾರವೂ ಒಂದೇ. ವಾರದ ನಡುವೆ ಹೊರಡುವ ಯಾನ ಕೇಳಿ, ದುಡ್ಡೂ ಉಳಿದೀತು, ಗದ್ದಲವೂ ಕಡಿಮೆ.

ನಾಲ್ಕನೆಯದು ಕೋಣೆ.

ಸಾಮಾನ್ಯವಾಗಿ ಮೂರು ತರಹದ ಕೋಣೆಗಳಿರುತ್ತವೆ. ಕಿಟಕಿಯೇ ಇಲ್ಲದ ಒಳಗಿನ ಕೋಣೆ, ತೆರೆಯಲು ಬಾರದ ಗಾಜಿನ ಕಿಟಕಿ ಇರುವ ಕೋಣೆ, ಬಾಲ್ಕನಿ ಇರುವ ಕೋಣೆ. ಒಳಗಿನದು ಎಲ್ಲಕ್ಕಿಂತ ಅಗ್ಗ. ಆದರೆ ಅಲ್ಲಿ ದೀಪ ಆರಿಸಿದರೆ ಹಗಲೋ ರಾತ್ರಿಯೋ ತಿಳಿಯುವುದಿಲ್ಲ. ಮಾಳಿಗೆಯ ಮೇಲೆ ಚುಕ್ಕಿ ನೋಡಿ ಮಲಗುವ ನಮ್ಮ ಜನಕ್ಕೆ ಉಸಿರು ಕಟ್ಟಿದಂತಾಗಬಹುದು. ಬಾಲ್ಕನಿ ತುಟ್ಟಿ. ನನ್ನ ಸಲಹೆ ನಡುವಿನದು, ಕಿಟಕಿ ಇರುವ ಕೋಣೆ. ಇನ್ನೊಂದು ಗುಟ್ಟು ಇದೆ. ಹಡಗಿನ ಮೂತಿ ಮತ್ತು ಬಾಲ ಹೆಚ್ಚು ಏರಿಳಿಯುತ್ತವೆ, ಮೇಲಿನ ಅಂತಸ್ತು ಹೆಚ್ಚು ತೂಗುತ್ತದೆ. ಕೆಳಗಿನ ಅಂತಸ್ತಿನ ನಟ್ಟನಡುವಿನ ಕೋಣೆ ಎಲ್ಲಕ್ಕಿಂತ ಸ್ಥಿರ. ಎತ್ತಿನ ಬಂಡಿಯಲ್ಲಿ ಅಚ್ಚಿನ ಮೇಲೆ ಕುಳಿತವನಿಗೂ ತುದಿಗೆ ಕುಳಿತವನಿಗೂ ಇರುವ ವ್ಯತ್ಯಾಸವೇ ಇದು. ಕೋಣೆ ಕಾದಿರಿಸುವಾಗ ಹಡಗಿನ ನಕಾಶೆ ತರಿಸಿ ನೋಡಿ. ಹಾಸಿಗೆ ಜೋಡಿಯೋ, ಬಿಡಿಯೋ, ಒಂದರ ಮೇಲೊಂದೋ ಎಂದೂ ಕೇಳಿ. ಜೋಡಿಯಾಗಿ ಹೋಗುವವರು ಇದನ್ನು ಕೇಳಲು ನಾಚಿಕೆಪಡಬಾರದು.

ಐದನೆಯದು ಹಣ. ಇದು ನನ್ನ ಹಳೆಯ ಕಸುಬು, ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಕಾಣುವ ಬೆಲೆ ಸಾಮಾನ್ಯವಾಗಿ ಒಬ್ಬರದು, ಅದೂ ಒಂದು ಕೋಣೆಯಲ್ಲಿ ಇಬ್ಬರಿದ್ದಾಗಿನದು. ಕೆಲವೊಮ್ಮೆ ಒಂದು ರಾತ್ರಿಯದು ಮಾತ್ರ. ಮೊದಲು ಅದನ್ನು ಎರಡು ಮಾಡಿ, ಆಮೇಲೆ ರಾತ್ರಿಗಳಿಂದ ಗುಣಿಸಬೇಕೋ ಎಂದು ಕೇಳಿ. ಅದರ ಮೇಲೆ ಬಂದರದ ಶುಲ್ಕ, ಸಿಬ್ಬಂದಿಯ ಬಕ್ಷೀಸು, ಜಿ.ಎಸ್.ಟಿ. ಸೇರಿಕೊಳ್ಳುತ್ತವೆ. ಊಟ-ತಿಂಡಿ ಟಿಕೆಟಿನಲ್ಲಿಯೇ ಇರುತ್ತದೆ. ಆದರೆ ಪೇಟೆ ಪಾನೀಯ, ಮದ್ಯ, ವಿಶೇಷ ಹೋಟೆಲು, ಫೋಟೋ, ವೈಫೈ, ಗೋವೆಯಲ್ಲಿ ಸುತ್ತಾಟದ ಗಾಡಿ ಇವೆಲ್ಲ ಬೇರೆ. ಹಡಗಿನಲ್ಲಿ ಕೈಯಿಂದ ರೊಕ್ಕ ಕೊಡುವುದಿಲ್ಲ. ಕೋಣೆಯ ಕಾರ್ಡು ತೋರಿಸಿದರೆ ಖರ್ಚು ಖಾತೆಗೆ ಬೀಳುತ್ತದೆ. ಕೈಯಿಂದ ನೋಟು ಹೋಗದಿದ್ದಾಗ ಖರ್ಚು ಮಾಡಿದ ನೆನಪೇ ಇರುವುದಿಲ್ಲ. ಕೊನೆಯ ರಾತ್ರಿ ಆ ಖಾತೆಯ ಪಟ್ಟಿ ತರಿಸಿ, ಪಾಸ್‌ಬುಕ್ ತಾಳೆ ನೋಡಿದಂತೆ ಒಂದೊಂದು ಸಾಲೂ ನೋಡಿ. ಜೂಜಿನ ಕೋಣೆ ಇರುತ್ತದೆ. ಅದಕ್ಕೆ ನೀವು ಇಟ್ಟುಕೊಳ್ಳಬೇಕಾದ ಬಜೆಟ್ ಸೊನ್ನೆ.

ಇದಕ್ಕೆಲ್ಲ ಹಣ ಎಲ್ಲಿಂದ? ಒಂದು ವರ್ಷ ಮುಂಚೆಯೇ ರಿಕರಿಂಗ್ ಖಾತೆ ತೆಗೆಯಿರಿ. ತಿಂಗಳಿಗೆ 3,000 ಕಟ್ಟಿದರೆ ವರ್ಷಕ್ಕೆ 36,000 ಅಸಲು, ಮೇಲೆ ಬಡ್ಡಿ. ಅದು ಎಷ್ಟಾಗುತ್ತದೋ ಅಷ್ಟರೊಳಗಿನ ಯಾನ ಆರಿಸಿ. ಯಾನ ಆರಿಸಿ ಆಮೇಲೆ ಹಣ ಹುಡುಕಬೇಡಿ. ಬೆಳೆಸಾಲದ ರೊಕ್ಕ ಮುಟ್ಟಬಾರದು, ಬಂಗಾರ ಅಡ ಇಡಬಾರದು, ಕಂತಿನ ಮೇಲೆ ಪ್ರವಾಸ ಮಾಡಬಾರದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಾವು ಹೇಳುತ್ತೇವೆ. "ಅಂಥರೂಣ ಪಾಹೂನ ಪಾಯ ಪಸರಾವೇ" ಎಂದು ಮರಾಠಿಯವರು ಹೇಳುತ್ತಾರೆ. ಎರಡು ಭಾಷೆಯೂ ಕೂಡಿ ಒಂದೇ ಮಾತು ಹೇಳಿದ ಮೇಲೆ ಗಡಿಯವರಾದ ನಾವು ಎರಡು ಸಲ ಕೇಳಬೇಕು.

ಹಣ ಕಟ್ಟುವಾಗ ಸಂಸ್ಥೆಯ ಖಾತೆಗೇ ಕಟ್ಟಿ. ಯಾರದೋ ವೈಯಕ್ತಿಕ ಮೊಬೈಲ್ ನಂಬರಿಗೆ ಕಳಿಸಬೇಡಿ. ಜಿ.ಎಸ್.ಟಿ. ಇರುವ ಪಾವತಿ ತೆಗೆದುಕೊಳ್ಳಿ. ರದ್ದು ಮಾಡಿದರೆ ಎಷ್ಟು ಮರಳಿ ಬರುತ್ತದೆ ಎಂಬುದನ್ನು ಬರವಣಿಗೆಯಲ್ಲಿ ಕೇಳಿ. ಹೊರಡುವ ದಿನ ಹತ್ತಿರವಾದಷ್ಟೂ ಕಡಿತ ಹೆಚ್ಚು. ಕೊನೆಯ ದಿನಗಳಲ್ಲಿ ಏನೂ ಮರಳದೆ ಹೋಗಬಹುದು. ಹೊಲ, ಮನೆ, ಆಸ್ಪತ್ರೆ ಯಾವಾಗ ಕರೆಯುತ್ತವೆಂದು ಹೇಳಲಾಗದ ನಮ್ಮಂಥವರಿಗೆ ಬೆಲೆಗಿಂತ ಈ ಶರತ್ತು ಮುಖ್ಯ.

ಆರನೆಯದು ಕಾಗದಪತ್ರ. ಗಡಿಭಾಗದವರು ಇಲ್ಲಿ ವಿಶೇಷ ಎಚ್ಚರದಿಂದಿರಬೇಕು.

ದೇಶದೊಳಗಿನ ಯಾನಕ್ಕೆ ಆಧಾರ್‌ನಂಥ ಗುರುತಿನ ಚೀಟಿ ಸಾಕು. ಆದರೆ ಟಿಕೆಟಿನ ಹೆಸರೂ ಚೀಟಿಯ ಹೆಸರೂ ಒಂದೇ ಆಗಿರಬೇಕು. ನಮ್ಮ ಹೆಣ್ಣುಮಕ್ಕಳ ಸ್ಥಿತಿ ನಿಮಗೆ ಗೊತ್ತು. ತವರು ಭಾಲ್ಕಿ ಇಲ್ಲವೆ ಬಸವಕಲ್ಯಾಣ, ಕೊಟ್ಟ ಊರು ನಿಲಂಗಾ ಇಲ್ಲವೆ ಉಮರಗಾ. ಶಾಲೆಯ ದಾಖಲೆಯಲ್ಲಿ ಕನ್ನಡದ ಉಚ್ಚಾರದಂತೆ ಒಂದು ಹೆಸರು, ರೇಶನ್ ಕಾರ್ಡಿನಲ್ಲಿ ಮರಾಠಿಯಂತೆ ಇನ್ನೊಂದು. ಒಂದರಲ್ಲಿ ತಂದೆಯ ಹೆಸರು, ಒಂದರಲ್ಲಿ ಗಂಡನದು. ಅಡ್ಡಹೆಸರು ಒಂದು ಕಡೆ ಬಿರಾದಾರ, ಇನ್ನೊಂದು ಕಡೆ ಪಾಟೀಲ. ಇಂಗ್ಲಿಷ್ ಅಕ್ಷರಕ್ಕೆ ಬಂದಾಗ ಮತ್ತೂ ಮೂರು ರೂಪ. ಕೌಂಟರಿನಲ್ಲಿ ಕುಳಿತು ಇಂಥ ಹೆಸರುಗಳನ್ನು ಹೊಂದಿಸಿ ಹೊಂದಿಸಿ ನನ್ನ ಕನ್ನಡಕದ ನಂಬರು ಏರಿತು. ಹಡಗಿನ ಬಾಗಿಲಲ್ಲಿ ಹೊಂದಿಸಲು ಯಾರಿಗೂ ಪುರಸೊತ್ತಿರುವುದಿಲ್ಲ. ಟಿಕೆಟ್ ತೆಗೆಸುವ ಮೊದಲೇ ಇಬ್ಬರ ಚೀಟಿಗಳನ್ನೂ ಚಾಪೆಯ ಮೇಲೆ ಹರಡಿ ನೋಡಿ. ಯಾವ ಚೀಟಿ ಒಯ್ಯುತ್ತೀರೋ ಅದರಲ್ಲಿದ್ದಂತೆ ಅಕ್ಷರಕ್ಕೆ ಅಕ್ಷರ ಟಿಕೆಟಿನಲ್ಲಿ ಬರೆಸಿ.

ಹೊಸ ದಂಪತಿಗಳಿಗೆ ಒಂದು ಮಾತು. ಗರ್ಭಿಣಿಯರನ್ನು ಸಾಮಾನ್ಯವಾಗಿ 24 ವಾರ ತುಂಬಿದ ಮೇಲೆ ಹಡಗಿಗೆ ಹತ್ತಿಸುವುದಿಲ್ಲ. ಅದಕ್ಕೂ ಮೊದಲೇ ಆದರೂ ಡಾಕ್ಟರರನ್ನು ಕೇಳದೆ ಹೊರಡಬಾರದು.

ಏಳನೆಯದು ಮೈಯ ಪರೀಕ್ಷೆ. ದುಡ್ಡು ಕಟ್ಟುವ ಮೊದಲೇ ಇದನ್ನು ಅಗ್ಗದಲ್ಲಿ ಮಾಡಿಕೊಳ್ಳಬಹುದು. ಯಾವುದಾದರೂ ಕೆಲಸಕ್ಕೆ ಮುಂಬಯಿಗೆ ಹೋದಾಗ ಇಬ್ಬರೂ ಗೇಟ್‌ವೇಯಿಂದ ಘಾರಾಪುರಿಗೆ, ಅಂದರೆ ಎಲಿಫಂಟಾಕ್ಕೆ, ಲಾಂಚಿನಲ್ಲಿ ಹೋಗಿ ಬನ್ನಿ. ಸುಮಾರು ಒಂದು ಗಂಟೆಯ ಪ್ರಯಾಣ. ಸೋಮವಾರ ಗುಹೆಗಳು ಮುಚ್ಚಿರುತ್ತವೆ, ಆ ದಿನ ಬಿಡಿ. ಇಲ್ಲವೆ ಭಾವುಚಾ ಧಕ್ಕಾದಿಂದ ಮಾಂಡವಾಕ್ಕೆ 2020ರಿಂದ ಓಡುತ್ತಿರುವ, ಮೋಟಾರು ಗಾಡಿಗಳನ್ನೂ ಹೊರುವ ದೊಡ್ಡ ಫೆರ್ರಿಯಲ್ಲಿ ಹೋಗಿ ಬನ್ನಿ. ಸಣ್ಣ ಲಾಂಚಿನಲ್ಲಿ ಲೈಫ್ ಜಾಕೆಟ್ ಕಟ್ಟಿಕೊಳ್ಳದೆ ಕೂಡಬೇಡಿ. 2024ರ ಡಿಸೆಂಬರ 18ರಂದು ಘಾರಾಪುರಿಗೆ ಹೊರಟಿದ್ದ ದೋಣಿಗೆ ನೌಕಾಪಡೆಯ ವೇಗದ ಬೋಟು ಬಡಿದು ಹತ್ತಕ್ಕೂ ಹೆಚ್ಚು ಜನ ಸತ್ತದ್ದು ನೆನಪಿರಲಿ. ಈ ಒಂದು ಗಂಟೆಯಲ್ಲಿ ಇಬ್ಬರಲ್ಲಿ ಯಾರಿಗಾದರೂ ತಲೆ ತಿರುಗಿದರೆ ಕಿಟಕಿ ಕೋಣೆ, ನಡು ಹಡಗು, ಶಾಂತ ತಿಂಗಳು ಇವು ಅನಿವಾರ್ಯ ಎಂದು ತಿಳಿಯಿರಿ. ಬಹಳ ತ್ರಾಸಾದರೆ ಸಮುದ್ರದ ಆಸೆ ಬಿಟ್ಟು ಕೇರಳದ ಆಲಪ್ಪುಳದ ಹಿನ್ನೀರಿನಲ್ಲಿ ಒಂದು ರಾತ್ರಿ ಮನೆದೋಣಿಯಲ್ಲಿ ಕಳೆಯಿರಿ. ಆ ನೀರಿಗೆ ಅಲೆ ಇಲ್ಲ, ಎರಡೂ ಕಡೆ ದಂಡೆ ಕಾಣುತ್ತಿರುತ್ತದೆ.

ಇನ್ನು ಹೊರಡುವ ಕ್ರಮ. ಉಮರಗಾದವರಿಗೆ ಸೋಲಾಪುರ ಸುಮಾರು ನೂರು ಕಿಲೋಮೀಟರು. ಅಲ್ಲಿ ರಾತ್ರಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಮುಂಬಯಿ. ಉದಗೀರದವರಿಗೆ ಬೀದರ-ಮುಂಬಯಿ ಗಾಡಿ ಊರಿಗೇ ಬರುತ್ತದೆ, ಆದರೆ ದಿನಾಲೂ ಇಲ್ಲ. ನಿಲಂಗಾದವರು ಲಾತೂರಿಗೆ ಹೋಗಿ ಹತ್ತಬಹುದು. ಹಡಗು ಹೊರಡುವ ದಿನವೇ ಬೆಳಗ್ಗೆ ಇಳಿದರಾಯಿತೆಂದು ಲೆಕ್ಕ ಹಾಕಬೇಡಿ. ರೈಲು ತಡವಾದರೆ ಹಡಗು ಕಾಯುವುದಿಲ್ಲ. ಒಂದು ದಿನ ಮುಂಚೆ ಮುಂಬಯಿ ಸೇರಿ.

ಬಿ.ಪಿ., ಸಕ್ಕರೆ ಕಾಯಿಲೆಯ ಗುಳಿಗೆಗಳನ್ನು ಎರಡು ದಿನಕ್ಕೆ ಹೆಚ್ಚೇ ಇಟ್ಟುಕೊಂಡು ಕೈಚೀಲದಲ್ಲಿ ಇಡಿ. ದೊಡ್ಡ ಬ್ಯಾಗನ್ನು ಬಂದರದಲ್ಲೇ ಇಸಿದುಕೊಳ್ಳುತ್ತಾರೆ, ಅದು ಕೋಣೆಗೆ ಬರುವುದು ತಡವಾಗಬಹುದು. ವಾಂತಿಯ ಗುಳಿಗೆ ಯಾವುದು ನಿಮ್ಮ ಮೈಗೆ ಆಗುತ್ತದೆ ಎಂದು ಊರ ಡಾಕ್ಟರರನ್ನೇ ಕೇಳಿಕೊಂಡು ಹೋಗಿ. ಹಡಗಿನಲ್ಲಿ ಡಾಕ್ಟರರಿರುತ್ತಾರೆ, ಅವರ ಬಿಲ್ಲು ಬೇರೆ. ಊಟದಲ್ಲಿ ಶಾಕಾಹಾರ, ಜೈನ ಊಟ ಸಿಗುತ್ತದೆ. ಬೇಕಾದವರು ಕಾದಿರಿಸುವಾಗಲೇ ಹೇಳಿಡಿ. ಜೋಳದ ರೊಟ್ಟಿ ಮಾತ್ರ ಸಿಕ್ಕೀತೆಂದು ಆಸೆ ಬೇಡ, ಮನೆಯ ಬುತ್ತಿ ಒಳಗೆ ಬಿಡಲಿಕ್ಕಿಲ್ಲ ಎಂದೇ ತಿಳಿದು ಹೊರಡಿ. ದಂಡೆ ದೂರವಾದ ಮೇಲೆ ಮೊಬೈಲಿಗೆ ರೇಂಜು ಇರುವುದಿಲ್ಲ. ಹಡಗಿನ ಉಪಗ್ರಹದ ಜಾಲಕ್ಕೆ ಅದು ತಾನೇ ಸೇರಿಕೊಂಡರೆ ದೊಡ್ಡ ಬಿಲ್ಲು ಬಂದೀತು. ವಿಮಾನದಲ್ಲಿ ಮಾಡುವಂತೆ ಸಂಪರ್ಕ ಬಂದು ಮಾಡಿಡಿ. ಹೊರಡುವ ಮೊದಲೇ ಮಕ್ಕಳಿಗೆ ಹೇಳಿ, "ನಾಳೆ ಫೋನ್ ಹತ್ತಲಿಲ್ಲ ಅಂದ್ರ ಗಾಬರಿ ಆಗಬ್ಯಾಡ್ರಿ" ಎಂದು.

ಹತ್ತಿದ ದಿನ ಒಂದು ಕವಾಯತು ಇರುತ್ತದೆ. ಅಪಾಯ ಬಂದರೆ ಎಲ್ಲಿ ಸೇರಬೇಕು, ಜಾಕೆಟ್ ಹೇಗೆ ಕಟ್ಟಬೇಕು ಎಂದು ತೋರಿಸುತ್ತಾರೆ. ಕೆಲವರು ಅದನ್ನು ಬಿಟ್ಟು ಫೋಟೋ ತೆಗೆಯಲು ಹೋಗುತ್ತಾರೆ. 2012ರ ಜನವರಿ 13ರಂದು ಇಟಲಿಯ ದಂಡೆಯಲ್ಲಿ ಕೋಸ್ತಾ ಕಾಂಕೋರ್ಡಿಯಾ ಎಂಬ ಭಾರಿ ಹಡಗು ಬಂಡೆಗೆ ತಾಗಿ ವಾಲಿದಾಗ 32 ಜನ ಸತ್ತರು. ಅಂದೇ ಹತ್ತಿದ್ದ ಎಷ್ಟೋ ಪ್ರಯಾಣಿಕರಿಗೆ ಈ ಕವಾಯತು ಇನ್ನೂ ಆಗಿರಲಿಲ್ಲ. ಅದಾದ ಮೇಲೆ, ಹಡಗು ಹೊರಡುವ ಮುಂಚೆ ಇಲ್ಲವೆ ಹೊರಟ ಕೂಡಲೇ ಇದು ಆಗಲೇಬೇಕೆಂದು ಅಂತರರಾಷ್ಟ್ರೀಯ ನಿಯಮ ಬಿಗಿಯಾಯಿತು. ಇಬ್ಬರೂ ಹೋಗಿ ನಿಲ್ಲಿ. ಒಬ್ಬರು ನೋಡಿಕೊಂಡು ಬಂದು ಇನ್ನೊಬ್ಬರಿಗೆ ಹೇಳಿದರಾಯಿತು ಎನ್ನುವ ಕೆಲಸವಲ್ಲ ಅದು.

ಇಷ್ಟೆಲ್ಲ ಹೇಳಿದ ಮೇಲೂ ನನಗೆ ಮುಖ್ಯವೆನಿಸಿದ ಮಾತು ಇನ್ನೂ ಉಳಿದಿದೆ. ಅದು, ಈ ಆಯ್ಕೆಯನ್ನು ಮಾಡುವವರು ಯಾರು ಎಂಬುದು.

ನಮ್ಮ ಮನೆಗಳಲ್ಲಿ ಗಂಡಹೆಂಡತಿ ಕೂಡಿ ಹೋಗುವುದು ಮದುವೆ-ಮುಂಜಿವೆಗೆ, ಮಣ್ಣಿಗೆ, ಆಸ್ಪತ್ರೆಗೆ. ಬಹಳಾದರೆ ತುಳಜಾಪುರ, ಪಂಢರಪುರ. ಅಲ್ಲಿಯೂ ಗಂಡ ಮುಂದೆ, ಹೆಂಡತಿ ನಾಲ್ಕು ಹೆಜ್ಜೆ ಹಿಂದೆ. ಗುಂಪಿನಲ್ಲಿ ಇಪ್ಪತ್ತು ಜನ, ಅವರಿಗೆಲ್ಲ ಚಹಾ ಮಾಡುವ ಕೆಲಸ ಅವಳದೇ. ನಾವು 2022ರ ಡಿಸೆಂಬರದಲ್ಲಿ ಗೋವೆಯ ಯಾನಕ್ಕೆ ಹೋದಾಗ ಮೊದಲನೆಯ ಬೆಳಗ್ಗೆ ನಮ್ಮ ಮನೆಯವರು ಎಂದಿನಂತೆ ಐದಕ್ಕೆ ಎದ್ದರು. ಒಲೆ ಇಲ್ಲ, ಕಸಬರಿಗೆ ಇಲ್ಲ, ನೀರು ತುಂಬುವುದಿಲ್ಲ. ಏನು ಮಾಡಬೇಕೆಂದು ತಿಳಿಯದೆ ಹಾಸಿಗೆಯ ಮೇಲೆ ಸುಮ್ಮನೆ ಕುಳಿತುಕೊಂಡರು. ಆಮೇಲೆ ಇಬ್ಬರೂ ಮೇಲಿನ ಅಂತಸ್ತಿಗೆ ಹೋಗಿ ಕಟಾಂಜನ ಹಿಡಿದು ನಿಂತೆವು. ಹೊತ್ತು ಮೂಡುತ್ತಿತ್ತು, ಎತ್ತ ನೋಡಿದರೂ ನೀರು. ಬಹಳ ಹೊತ್ತಿನ ಮೇಲೆ ಅವರು, "ಏನ್ರೀ, ಇದಕ್ಕ ದಂಡಿನೇ ಇಲ್ಲೇನು?" ಎಂದು ಕೇಳಿದರು. ನಾನು "ಐತಿ, ಭಾಳ ದೂರ" ಅಂದೆ. "ಇರ್ಲಿ ಬಿಡ್ರಿ, ಗಡಿಬಿಡಿ ಏನೈತಿ" ಅಂದರು. ನಲವತ್ತು ವರ್ಷದ ಸಂಸಾರದಲ್ಲಿ ಆ ಮಾತು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು.

ಅದಕ್ಕೇ ಹೇಳುತ್ತೇನೆ. ತಿಂಗಳು, ಕೋಣೆ, ಹಣ ಎಲ್ಲವನ್ನೂ ಗಂಡಸರು ಕಟ್ಟೆಯ ಮೇಲೆ ಕುಳಿತು ತೀರ್ಮಾನಿಸಿ, ಹೊರಡುವ ಹಿಂದಿನ ದಿನ "ನಡಿ" ಎನ್ನುವುದು ಬೇಡ. ಮಕ್ಕಳೂ ಅಷ್ಟೇ, ತಾಯಿತಂದೆಗೆ ಚಕಿತ ಮಾಡಬೇಕೆಂದು ತಾವೇ ಎಲ್ಲ ಗೊತ್ತುಮಾಡಬೇಡಿ. ಅವ್ವನನ್ನು ಕೂರಿಸಿ ಕೇಳಿ. "ನಿನಗ ನೀರಿನ ಅಂಜಿಕೆ ಐತೇನು? ಕಿಟಕಿ ಬೇಕೇನು? ಗೋವಾದಾಗ ಇಳಿದು ತಿರಗಾಡ್ತಿಯೋ, ಹಡಗಿನಾಗೇ ಕುಂದರ್ತಿಯೋ?" ಆಕೆ "ನನಗೇನು ತಿಳಿತೈತಿ, ನೀವೇ ನೋಡ್ರಿ" ಎಂದೇ ಅನ್ನುತ್ತಾಳೆ. ಅಷ್ಟಕ್ಕೇ ಬಿಡಬೇಡಿ, ಎರಡನೆಯ ಸಲ ಕೇಳಿ. ಆಕೆ ಬೇಡವೆಂದರೆ ಅದೂ ಉತ್ತರವೇ. ಬೇಡವೆನ್ನುವ ಹಕ್ಕು ಇದ್ದಾಗಲೇ ಹೂಂ ಎಂಬುದಕ್ಕೆ ಬೆಲೆ.

ಬ್ಯಾಂಕಿನಲ್ಲಿ ಗಂಡಹೆಂಡಿರು ಜಂಟಿ ಖಾತೆ ತೆಗೆಯಲು ಬಂದಾಗ ಫಾರ್ಮಿನಲ್ಲಿ ಒಂದು ಸಾಲು ತುಂಬಬೇಕಾಗುತ್ತದೆ. "ಈದರ್ ಆರ್ ಸರ್ವೈವರ್" ಎಂದು ಅದಕ್ಕೆ ಹೆಸರು. ಇಬ್ಬರಲ್ಲಿ ಯಾರಾದರೂ, ಇಲ್ಲವೆ ಉಳಿದವರು ಎಂದರ್ಥ. "ಉಳಿದವರು ಅಂದ್ರ ಯಾರ್ರೀ ಸಾಹೇಬ್ರ?" ಎಂದು ಜನ ಕೇಳುತ್ತಿದ್ದರು. ಹೇಳಿದ ಮೇಲೆ ಒಂದು ಗಳಿಗೆ ಇಬ್ಬರೂ ಸುಮ್ಮನಾಗುತ್ತಿದ್ದರು, ಆಮೇಲೆ ಒಬ್ಬರು ಸಹಿ, ಒಬ್ಬರು ಹೆಬ್ಬೆಟ್ಟು. ಎಷ್ಟೋ ವರ್ಷದ ಮೇಲೆ ಆ ಉಳಿದವರು ಒಬ್ಬರೇ ಕೌಂಟರಿಗೆ ಬರುವುದನ್ನೂ ನಾನು ನೋಡಿದ್ದೇನೆ. ಕಾಶಿಗೆ ಹೋಗಬೇಕೆಂದು ಇಬ್ಬರೂ ಕೂಡಿ ಇಟ್ಟ ಠೇವಣಿ ಮುದ್ದತ್ತು ತುಂಬಿರುತ್ತದೆ, ಬಡ್ಡಿಯೂ ಸರಿಯಾಗಿ ಬಂದಿರುತ್ತದೆ. ಹೋಗಬೇಕಾದವರಲ್ಲಿ ಒಬ್ಬರು ಇರುವುದಿಲ್ಲ. ಅಂಥ ಹಣವನ್ನು ಎಣಿಸಿ ಕೊಡುವಾಗ ಕೈ ಭಾರವಾಗುತ್ತದೆ.

ಹಾಗೆಂದು ಎಲ್ಲರೂ ಹಡಗನ್ನೇ ಹತ್ತಬೇಕೆಂದು ನಾನು ಹೇಳುವುದಿಲ್ಲ. ಎರಡು ರಾತ್ರಿ, ಶಾಂತ ತಿಂಗಳು, ಹತ್ತಿರದ ಬಂದರ, ನಡುವಿನ ಕೋಣೆ, ಕೂಡಿಟ್ಟ ಹಣ, ಸರಿಯಾದ ಹೆಸರು ಇಷ್ಟಿದ್ದರೆ ಮೊದಲ ಯಾನಕ್ಕೆ ತೊಂದರೆ ಕಡಿಮೆ. ಕಾಲು ಗಟ್ಟಿ ಇರುವಾಗ, ಕಣ್ಣು ಕಾಣುವಾಗ, ಇಬ್ಬರೂ ಇರುವಾಗ ಹೋಗಿ ಬನ್ನಿ. ಇಷ್ಟವಾದರೆ ಮುಂದಿನ ಸಲ ಮೂರು ರಾತ್ರಿ ಮಾಡಬಹುದು. ಆಗದಿದ್ದರೆ ಎರಡು ರಾತ್ರಿಯಲ್ಲಿ ಮುಗಿಯಿತೆಂದು ನಗುತ್ತ ಊರಿಗೆ ಬರಬಹುದು.